ಮಳೆ ರಜೆ ಬರೆದ ಗುಮಾಸ್ತ

ಕಟ್ಟಡ ಕಟ್ಟುವ ಕಡೆ ಮಳೆ ಬಂದರೆ ಏನಾದರೊಂದು ಎಡವಟ್ಟು ಆಗಿಯೇ ತೀರುತ್ತದೆ. ಸಹಕಾರನಗರದ ಅಪಾರ್ಟ್‌ಮೆಂಟ್ ಒಂದರ ಕೆಲಸದಲ್ಲಿ ನಾನು ಹಾಜರಿ ಗುಮಾಸ್ತನಾಗಿದ್ದಾಗ ಆದ ಎಡವಟ್ಟುಗಳಲ್ಲಿ ಹೆಚ್ಚಿನವು ನನ್ನವೇ.

೧. ಮೊದಲ ಹನಿ

ನಮ್ಮಲ್ಲಿ ಒಂದು ಪದ್ಧತಿ. ಮಳೆ ಶುರುವಾದರೆ ಕೆಲಸ ನಿಲ್ಲುತ್ತದೆ. ಹಾಜರಿ ಪುಸ್ತಕದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಗಂಟೆ ನಮೂದಿಸಿ ‘ಮಳೆ ರಜೆ’ ಅಂತ ಬರೆಯಬೇಕು. ಇದರಲ್ಲಿ ನನ್ನಷ್ಟು ಚುರುಕು ಯಾರೂ ಇರಲಿಲ್ಲ. ಒಂದು ದಿನ ಪುಸ್ತಕದ ಮೇಲೆ ಟಪ್ ಅಂತ ಹನಿ ಬಿತ್ತು. ಐದೇ ನಿಮಿಷದಲ್ಲಿ ಇಡೀ ಪುಟಕ್ಕೆ ರಜೆ ಬರೆದು ಮುಗಿಸಿದೆ. ಅಬ್ಬಿಗೆರೆಯಿಂದ ಬರುತ್ತಿದ್ದ ಗಾರೆ ಕೆಲಸದವರೊಬ್ಬರು, ವಯಸ್ಸಿನಲ್ಲಿ ನನಗಿಂತ ಹಿರಿಯರು, ಬಂದು ಇಣುಕಿ ನೋಡಿದರು.

“ಸಾರ್, ಮಳೆ ಎಲ್ಲೈತೆ? ಮೇಲ್ಗಡೆ ತಾರಸಿ ಮೋಲ್ಡಿಗೆ ನೀರ್ ಬಿಡ್ತಾವ್ರೆ.”

ಇಡೀ ಪುಟ ಹೊಡೆದುಹಾಕಿ ಮತ್ತೆ ಬರೆದೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು.

೨. ಒಂದೇ ಮೂಟೆ

ಆಮೇಲೊಂದು ಸಂಜೆ ನಿಜವಾದ ಮಳೆಯೇ ಬಂತು. ಗಾಳಿ ಎದ್ದು ಹನಿ ಬಿದ್ದದ್ದೇ ತಡ, ಎಲ್ಲರಿಗೂ ರಜೆ ಬರೆದೆ. ಬರೆದ ಮೇಲೆ ಸಿಮೆಂಟ್ ನೆನಪಾಯಿತು. “ಟಾರ್ಪಾಲ್ ಹಾಕ್ರೋ, ಟಾರ್ಪಾಲ್!” ಅಂತ ಕೂಗಿದೆ. ಉಳಿದವರೆಲ್ಲ ಮರೆಗೆ ಓಡಿದರು. ಗಾರೆಯವರೊಬ್ಬರೇ ವಾಪಸ್ ಬಂದರು. ಶೆಡ್ಡಿನ ತಗಡು ಗಾಳಿಗೆ ಕಿತ್ತು ಬಂದು ಅವರ ಕಾಲಿಗೆ ಹೊಡೆಯಿತು. ಮೂಳೆ ಎರಡು ಕಡೆ ಮುರಿದಿತ್ತು.

ಮಾರನೆಯ ದಿನ ಬಾಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ನನ್ನನ್ನು ನೋಡಿದವರೇ, “ಸಿಮೆಂಟ್ ನೆನೀತಾ ಸಾರ್?” ಅಂದರು.

“ಒಂದೇ ಮೂಟೆ.”

“ಓಗ್ಲಿ ಬಿಡಿ, ಬೇಜಾರ್ ಮಾಡ್ಕಬ್ಯಾಡಿ,” ಅಂತ ನನ್ನ ಕೈ ತಟ್ಟಿ ಸಮಾಧಾನ ಮಾಡಿದರು.

೩. ಪ್ರೀತಿ

ಗಾರೆಯವರು ಪರಿಹಾರಕ್ಕೆ ಅರ್ಜಿ ಹಾಕಿದರು. ಕಂಟ್ರಾಕ್ಟರು ನನ್ನ ಪುಸ್ತಕ ತೆಗೆದು ತೋರಿಸಿದರು. ಏಟು ಬಿದ್ದ ಹೊತ್ತಿಗೆ ಮನುಷ್ಯ ರಜೆಯಲ್ಲಿದ್ದಾನೆ. ಇದು ಕೆಲಸದಲ್ಲಿ ಆದ ಗಾಯವೇ ಅಲ್ಲ, ಪರಿಹಾರವೂ ಇಲ್ಲ.

“ರಜೇಲಿದ್ದೋರು ಟಾರ್ಪಾಲ್ ಯಾಕ್ ಹಾಕ್ತಾರೆ ಸಾರ್?” ಅಂದೆ.

“ಪ್ರೀತಿ ಕಣ್ರೀ. ಸಿಮೆಂಟ್ ಮೇಲೆ ಪ್ರೀತಿ.”

ನಾನು ನಕ್ಕುಬಿಟ್ಟೆ. ಆ ನಗು ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ.

೪. ಮೊದಲ ಸಾಲು

ವಿಚಾರಣೆಯ ದಿನ ಗಾರೆಯವರು ಊರುಗೋಲು ಹಿಡಿದು ಬಂದು ಕೂತಿದ್ದರು. ಕಂಟ್ರಾಕ್ಟರು ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು. ಪರಿಹಾರದ ಅಧಿಕಾರಿ ಮೇಡಂ ಕೇಳಿದರು, “ಟಾರ್ಪಾಲ್ ಹಾಕೋಕೆ ಯಾರ್ ಹೇಳಿದ್ದು?”

ನಾನು ಎದ್ದು ನಿಂತೆ. “ನಾನೇ ಮೇಡಂ. ರಜೆ ಬರೆದಾದ್ಮೇಲೆ ನಾನೇ ಕೂಗಿ ಹೇಳ್ದೆ. ತಪ್ಪು ನಂದು.”

ಮೇಡಂ ಪುಟದ ಮೊದಲ ಸಾಲಿನ ಮೇಲೆ ಬೆರಳಿಟ್ಟರು. “ಇದ್ಯಾರ ಹೆಸ್ರು?”

“ನಂದೇ.”

“ನಾಲ್ಕು ಹತ್ತಕ್ಕೆ ನಿಮಗೇ ರಜೆ ಬರ್ಕೊಂಡಿದ್ದೀರಿ. ಇವರಿಗೆ ಬರೆದಿದ್ದು ನಾಲ್ಕು ಹನ್ನೆರಡಕ್ಕೆ. ರಜೆ ಮೇಲಿರೋರು ಇನ್ನೊಬ್ರಿಗೆ ಹೇಗ್ರೀ ರಜೆ ಕೊಟ್ರಿ?”

ಚುರುಕಿನ ಭರದಲ್ಲಿ ಮೊದಲು ನನ್ನದನ್ನೇ ಬರೆದುಕೊಂಡಿದ್ದೆ! ಕೋಣೆಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಮೇಡಂ ಆ ಪುಟವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಪರಿಹಾರ ಮಂಜೂರಾಯಿತು.

ಕಾಲು ಮಾತ್ರ ಸರಿಹೋಗಲಿಲ್ಲ. ಅಷ್ಟು ಒಳ್ಳೆಯ ಕೈ ಇದ್ದವರು ಇನ್ನು ಸಾರುವೆ ಹತ್ತಿ ಗಾರೆ ಕೆಲಸ ಮಾಡುವ ಹಾಗಿಲ್ಲ. ಹೊರಗೆ ಬಂದ ಮೇಲೆ ಅವರು ಊರುಗೋಲನ್ನು ಗೋಡೆಗೆ ಒರಗಿಸಿ ನನಗೇ ಕೈಮುಗಿದರು.

“ನಿಮ್ಗೆ ನೀವೇ ರಜೆ ಬರ್ಕೊಂಡ್ರಲ್ಲ ಸಾರ್, ಅದು ಆ ದೇವ್ರೇ ಬರ್ಸಿದ್ದು.”

ಹಾಗಾದರೆ ನಿಮ್ಮದನ್ನು ಬರೆಸಿದ್ದು ಯಾರು ಅಂತ ಕೇಳುವ ಧೈರ್ಯ ನನಗೆ ಬರಲಿಲ್ಲ.