ಬೂದನ ಸ್ನಾನ, ನಮ್ಮತ್ತೆಯ ಮಡಿ

ಬೇರೆಯವರ ಮನೆಯಲ್ಲಿ ನಾಯಿ ಸಾಕಿದರೆ ಅದು ಬೊಗಳುತ್ತದೆ, ಅನ್ನ ತಿನ್ನುತ್ತದೆ, ಮಲಗುತ್ತದೆ, ಅಲ್ಲಿಗೆ ಕಥೆ ಮುಗಿಯಿತು. ನಮ್ಮ ಮನೆಯಲ್ಲಿ ಮಾತ್ರ ಹುಲ್ಲುಕಡ್ಡಿ ಎತ್ತಿಟ್ಟರೂ ಅದೊಂದು ಪ್ರಸಂಗವಾಗುತ್ತಿತ್ತು. ಮೊನ್ನೆ ಪಕ್ಕದ ಮನೆಯಾಕೆ ಒಂದು ಮರಿ ತಂದುಕೊಂಡು, "ನೀವು ನಾಯಿ ಸಾಕಿ ಅನುಭವ ಇರೋರು. ಇದಕ್ಕೆ ಎಷ್ಟು ದಿನಕ್ಕೊಂದ್ಸಲ ಸ್ನಾನ ಮಾಡಿಸ್ಬೇಕು, ಹೇಳಿ" ಅಂದರು. "ಮೊದಲು ನಿಮ್ಮನೇಲಿ ನೀರು ಸೇದೋರು ಯಾರು, ಅದನ್ನ ಹೇಳಿ" ಅಂದೆ. ಆಕೆ ನಕ್ಕರು. ನನಗೆ ನಗು ಬರಲಿಲ್ಲ, ತೋಳು ನೋಯಿತು.

ಅರವತ್ತರ ದಶಕದ ಮಾತು. ನಾನು ಮದುವೆಯಾಗಿ ದೇವನಹಳ್ಳಿ ಕೋಟೆಯೊಳಗಿನ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಅತ್ತೆ, ಮಾವ, ನಮ್ಮವರು, ನಾನು, ನಾಲ್ಕೇ ಜನ. ಮಾವ ರಿಟೈರಾದ ಮೇಷ್ಟರು. ಎರಡು ಕಣ್ಣಿಗೂ ಪೊರೆ ಬಂದು, ಜಗುಲಿಯ ಮೇಲೆ ಕೂತು ಬೀದಿಯ ಸದ್ದು ಕೇಳುತ್ತಾ ಕಾಲ ಕಳೆಯುತ್ತಿದ್ದರು. ಅತ್ತೆಯ ಮಡಿ ಇಡೀ ಬೀದಿಗೇ ಪ್ರಸಿದ್ಧ. ನಮ್ಮವರು ಬೆಂಗಳೂರಿನ ಒಂದು ಆಫೀಸಿನಲ್ಲಿ ಗುಮಾಸ್ತರು, ಬೆಳಿಗ್ಗೆ ಬಸ್ಸಿಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು.

ಇಂಥವರು ಒಂದು ಭಾನುವಾರ ಆವತಿಯ ಪರಿಚಯದ ರೈತರ ಮನೆಗೆ ಅವರೆಕಾಯಿ ತರಲು ಸೈಕಲ್ಲಿನಲ್ಲಿ ಹೋದರು. ಬರುವಾಗ ಹಿಂದೆ ಅವರೆಕಾಯಿ ಚೀಲ, ಮುಂದೆ ಕೈಚೀಲದಲ್ಲಿ ನಾಯಿಮರಿ! ಬೂದಿಯ ಬಣ್ಣ, ಅದಕ್ಕೇ ಬೂದ ಅಂತ ಹೆಸರು. ತೊಳೆದರೂ ಅದೇ ಬಣ್ಣ, ತೊಳೆಯದಿದ್ದರೂ ಅದೇ ಬಣ್ಣ.

ಅತ್ತೆ ಸೆರಗು ಬಿಗಿ ಹಿಡಿದುಕೊಂಡು ಎರಡು ಮಾರು ಹಿಂದೆ ಸರಿದರು. "ನಾಯೀನಾ? ಮಡಿ ಮನೇಗಾ?" ಅಂದರು. ಮಗ ತಲೆ ತಗ್ಗಿಸಿದ್ದು ನೋಡಿ ಕೊಂಚ ಕರಗಿ ತೀರ್ಪು ಕೊಟ್ಟರು: "ಇರ್ಲಿ. ಆದ್ರೆ ಅಡುಗೆಮನೆ ಹೊಸ್ತಿಲು ದಾಟಕೂಡದು, ನನ್ನ ಮುಟ್ಟಕೂಡದು, ದಿನಾ ಸ್ನಾನ ಆಗ್ಬೇಕು. ಒಂದು ದಿನ ತಪ್ಪಿದ್ರೂ ಆವತಿಗೆ ವಾಪಸ್."

ನಮ್ಮವರು ಸಂತೋಷವಾಗಿ ಒಪ್ಪಿಕೊಂಡರು. ಏಕೆ ಒಪ್ಪುವುದಿಲ್ಲ? ಬಾವಿ ಮೂವತ್ತು ಮೊಳ ಆಳ, ಸೇದುವವಳು ನಾನು! ಆದರೆ ಆ ಮನೆಯಲ್ಲಿ ಅಲ್ಲಿಯವರೆಗೂ ಎಲ್ಲರಿಗಿಂತ ಕಿರಿಯಳು ನಾನೇ. ಈಗ ನನಗಿಂತ ಕಿರಿದಾದ ಒಂದು ಜೀವ ಬಂದು, ನಾನು ಹೋದ ಕಡೆಯೆಲ್ಲ ಹಿಂದೆ ಬರತೊಡಗಿತ್ತು. ಅದನ್ನು ವಾಪಸ್ ಕಳಿಸುವುದು ನನ್ನಿಂದ ಆಗುತ್ತಿರಲಿಲ್ಲ.

ಸೀಗೆಪುಡಿ

ಮೊದಲ ದಿನ ಬೂದನ ಸ್ನಾನಕ್ಕೆ ಸೋಪು ತೆಗೆದುಕೊಂಡೆ. ಅತ್ತೆ ದೂರದಿಂದಲೇ ಕೂಗಿದರು, "ಸೋಪಾ? ಅದರಲ್ಲಿ ಕೊಬ್ಬು ಹಾಕಿರ್ತಾರಂತೆ. ಕೊಬ್ಬು ಬಳಿದು ಮಡಿ ಮಾಡ್ತೀಯಾ? ಸೀಗೆಪುಡಿ ತಗೋ."

ಸೀಗೆಪುಡಿ ಅತ್ತೆಯೇ ತಮ್ಮ ಸ್ನಾನಕ್ಕೆ ಅಂತ ಮನೆಯಲ್ಲಿ ಮೆಂತ್ಯ, ಚಿಗರೆಪುಡಿ ಸೇರಿಸಿ ಕುಟ್ಟಿಸಿದ್ದು. ಬೂದನ ಕಣ್ಣಿಗೆ ಹೋಯಿತು, ಮೂಗಿಗೆ ಹೋಯಿತು. ಅದು ಹನ್ನೊಂದು ಸಲ ಸೀನಿ, ನನ್ನ ಕೈಯಿಂದ ಜಾರಿ, ಚಕ್ಕೋತದ ಗಿಡದ ಬುಡದ ಮಣ್ಣಿನಲ್ಲಿ ಹೊರಳಾಡಿ ಬಂತು. ಮತ್ತೆ ಐದು ಬಿಂದಿಗೆ ನೀರು ಸೇದಿದೆ. ಎರಡನೆಯ ಸ್ನಾನ ಮುಗಿಯುವ ಹೊತ್ತಿಗೆ ಬೂದನಿಗಿಂತ ಹೆಚ್ಚು ನಾನೇ ನೆನೆದಿದ್ದೆ.

ಮೈ ಒಣಗಿದ ಮೇಲೆ ಬೂದ ಗಂಭೀರವಾಗಿ ನಡುಮನೆ ದಾಟಿ ಜಗುಲಿಗೆ ಹೋಯಿತು. ಮಾವ ಎಂದಿನಂತೆ ಕೂತಿದ್ದರು. ಸೀಗೆ, ಮೆಂತ್ಯ, ಚಿಗರೆಪುಡಿಯ ಘಮಲು ಅವರ ಪಕ್ಕದಲ್ಲಿ ಬಂದು ಕುಳಿತಿತು. ನಲವತ್ತು ವರ್ಷದ ಪರಿಚಯದ ಘಮಲು. ಮಾವ ಧ್ವನಿ ತಗ್ಗಿಸಿ, ತುಂಬ ಪ್ರೀತಿಯಿಂದ, "ಏನೇ, ಸೊಸೆ ಒಳಗಿದ್ದಾಳಾ? ಹಾಗಾದ್ರೆ ನನಗೆ ಇನ್ನೊಂದು ಅರ್ಧ ಲೋಟ ಕಾಫಿ ಕೊಡೇ" ಅಂದರು.

ಜನ್ಮನಕ್ಷತ್ರ

ಹದಿನೈದು ದಿನಕ್ಕೆ ನನ್ನ ಅಂಗೈಯಲ್ಲಿ ಹಗ್ಗದ ಬೊಬ್ಬೆಗಳು ಎದ್ದವು. ವಾರಕ್ಕೆ ಒಂದು ದಿನವಾದರೂ ರಜಾ ಸಿಗಲಿ ಅಂತ, ಮನೆಗೆ ಬಂದ ಪುರೋಹಿತರನ್ನು ಕೇಳಿದೆ: "ನಾಯಿಗೆ ಸ್ನಾನ ಬಿಡಬಹುದಾದ ದಿನ ಯಾವುದಾದ್ರೂ ಇದ್ಯಾ?"

ಅವರು ಪಾಪ, ಗೊತ್ತಿಲ್ಲ ಅನ್ನುವ ಅಭ್ಯಾಸವಿಲ್ಲದವರು. ಕಣ್ಣು ಮುಚ್ಚಿ ಯೋಚಿಸಿ, "ನಾಯಿಗೆ ಅಂತ ವಿಧಿ ಇಲ್ಲ. ಆದರೆ ಎಣ್ಣೆ ಒತ್ತಿ ತಲೆಗೆ ನೀರು ಹಾಕೋ ಹಾಗಿದ್ರೆ ಅಮಾವಾಸ್ಯೆ ಬೇಡ, ಏಕಾದಶಿ ಬೇಡ, ಜನ್ಮನಕ್ಷತ್ರ ಬೇಡ" ಅಂದರು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ತಿಂಗಳಿಗೆ ನಾಲ್ಕು ರಜಾ! ಅತ್ತೆ ಮಾತ್ರ ಬೇರೆ ಕಡೆ ಹಿಡಿದರು. "ಅಯ್ಯೋ, ಇದುವರೆಗೂ ಎಣ್ಣೆಸ್ನಾನವೇ ಮಾಡಿಸಿಲ್ವಲ್ಲ ಅದಕ್ಕೆ! ಗಂಡು ನಾಯಿ, ಶನಿವಾರ ಆಗುತ್ತೆ. ಅದರ ಜನ್ಮನಕ್ಷತ್ರ ಯಾವುದಂತೆ?"

ರಜಾ ಕೇಳಲು ಹೋಗಿ ಹೆಚ್ಚಿನ ಕೆಲಸ ತಂದುಕೊಂಡೆ. ಮುಂದಿನ ಭಾನುವಾರ ನಮ್ಮವರು ಮತ್ತೆ ಆವತಿಗೆ ಸೈಕಲ್ ತುಳಿದು, ಆ ರೈತರನ್ನು ಸಂಕೋಚದಿಂದಲೇ ಕೇಳಿದರಂತೆ: "ಮರಿ ಹುಟ್ಟಿದ ದಿನ ಯಾವುದು? ಹೊತ್ತು ಗೊತ್ತಾದ್ರೆ ಇನ್ನೂ ಒಳ್ಳೇದು."

ರೈತರು ತಲೆಯ ವಸ್ತ್ರ ಬಿಚ್ಚಿ ಕೆರೆದುಕೊಂಡು ಅಂದರಂತೆ, "ರಾಗಿ ತೆನೆ ಬಿಡೋವಾಗ ಹುಟ್ತು ಸ್ವಾಮಿ, ಅಷ್ಟೇ ಗೊತ್ತಿರಾದು. ಯಾಕ್ ಸ್ವಾಮಿ, ಎಲ್ಲಾನಾ ಹೆಣ್ಣು ಗೊತ್ ಮಾಡಿದ್ದೀರಾ?"

ದನದ ಆಸ್ಪತ್ರೆ

ದಿನಾ ಸೀಗೆಪುಡಿ ತಿಕ್ಕಿ ತಿಕ್ಕಿ ಬೂದನ ಬೆನ್ನ ಮೇಲೆ ಹೊಟ್ಟು ಎದ್ದಿತು. ಕೂದಲು ಉದುರತೊಡಗಿತು. ನಾನೇ ದನದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಎರಡು ಎತ್ತು, ಒಂದು ಎಮ್ಮೆ, ಅವುಗಳ ಹಿಂದೆ ಹಳೇ ಸೀರೆಯ ಅಂಚು ಕತ್ತಿಗೆ ಕಟ್ಟಿಸಿಕೊಂಡ ನಮ್ಮ ಬೂದ. ನಾಯಿಗೆ ಔಷಧ ಕೊಡಿಸಲು ಬಂದವಳನ್ನು ಜನ ಅಲ್ಲಿ ಮೊದಲ ಸಲ ನೋಡಿದ್ದರೋ ಏನೋ, ಎಲ್ಲರೂ ತಮ್ಮ ದನ ಮರೆತು ನನ್ನನ್ನೇ ನೋಡುತ್ತಿದ್ದರು.

ಕಾಂಪೌಂಡರು ರಿಜಿಸ್ಟರ್ ತೆರೆದು, ತಲೆ ಎತ್ತದೆ, "ಎಷ್ಟನೇ ಸೂಲು?" ಅಂದರು.

"ನಾಯಿ" ಅಂದೆ.

"ಅದು ಸರಿ. ಹಾಲು ಹೊತ್ತಿಗೆ ಎಷ್ಟು?"

ಡಾಕ್ಟರು ಮಾತ್ರ ಒಳ್ಳೆಯವರು. ಬೂದನ ಬೆನ್ನು ನೋಡಿ, "ದಿನಾ ಯಾಕಮ್ಮ ತೊಳೀತೀರಿ? ಪಾತ್ರೇನಾ ಇದು? ತಿಂಗಳಿಗೊಂದು ಸಲ ಸಾಕು" ಅಂದರು. ನನಗೆ ಅವರ ಕಾಲಿಗೆ ಬೀಳಬೇಕು ಅನ್ನಿಸಿತು. "ಸಾರ್, ಅದನ್ನೇ ಒಂದು ಚೀಟೀಲಿ ಬರೆದು ಸೈನ್ ಹಾಕಿ ಕೊಡಿ" ಅಂದೆ. ಕೊಟ್ಟರು.

ಗೆದ್ದ ಮುಖ ಹೊತ್ತು ಬಂದು ಚೀಟಿಯನ್ನು ಅತ್ತೆಗೆ ಓದಿ ಹೇಳಿದೆ. ಅವರು ಅಕ್ಕಿ ಆರಿಸುತ್ತಾ ಪೂರ್ತಿ ಕೇಳಿಸಿಕೊಂಡು, "ಎಲ್ಲಾ ಸರಿ ಕಣೇ. ಆತ ಎಷ್ಟು ದಿನಕ್ಕೊಂದು ಸಲ ಸ್ನಾನ ಮಾಡ್ತಾನೆ, ಕೇಳಿದ್ಯಾ?" ಅಂದರು.

ಹಲ್ಲಿ

ಆಷಾಢ ಬಂತು. ಗಾಳಿ ಅಂದರೆ ಗಾಳಿ, ಹೆಂಚು ಹಾರುವಂಥದ್ದು. ಆ ಚಳಿಯಲ್ಲಿ ಅತ್ತೆ ದಿನಕ್ಕೆ ಮೂರು, ನಾಲ್ಕು ಸಲ ಸ್ನಾನ ಮಾಡತೊಡಗಿದರು. ಮಡಿನೀರು ಬೇರೆಯವರು ಸೇದುವ ಹಾಗಿಲ್ಲ, ಅವರೇ ಸೇದಿಕೊಳ್ಳಬೇಕು. ಜಗುಲಿಯಲ್ಲಿ ಕೂತ ಮಾವ ರಾಟೆಯ ಸದ್ದಿನ ಮೇಲೇ ಲೆಕ್ಕ ಇಡುತ್ತಿದ್ದರು. "ಇವತ್ತಿಗೆ ನಾಲ್ಕಾಯ್ತು. ಏನಾಯ್ತೇ ನಿನಗೆ?" ಅಂದರೆ, "ಹಲ್ಲಿ ಬಿತ್ತು" ಅನ್ನುವರು.

ಮೈಮೇಲೆ ಹಲ್ಲಿ ಬಿದ್ದರೆ ಸ್ನಾನ ಮಾಡಲೇಬೇಕಲ್ಲ! ಯಾರೂ ಎದುರಾಡುವಂತಿಲ್ಲ. ಆದರೆ ದಿನಾ ಬೀಳುತ್ತದೆಯೇ? ಅದೂ ಮಧ್ಯಾಹ್ನ ಎಲ್ಲರೂ ಅಡ್ಡಾದ ಹೊತ್ತಿಗೇ? ಮಾವ ನನ್ನ ಕೈಲಿ ಪಂಚಾಂಗ ತರಿಸಿ, ಹಲ್ಲಿ ಬಿದ್ದ ಫಲ ಓದಿಸಿದರು. "ಎಲ್ಲಿ ಬಿತ್ತು?" ಅಂತ ಅತ್ತೆಯನ್ನು ಕೇಳಿದರು.

"ಮಡಿಲಲ್ಲಿ."

ಪಟ್ಟಿಯಲ್ಲಿ ತಲೆ ಇತ್ತು, ಭುಜ ಇತ್ತು, ಹೆಬ್ಬೆರಳೂ ಇತ್ತು, ಮಡಿಲು ಇರಲಿಲ್ಲ. ಮಾವನಿಗೆ ಹೆದರಿಕೆ ಇನ್ನೂ ಹೆಚ್ಚಾಯಿತು. ನಮ್ಮವರು ರಜಾ ಹಾಕಿ, ಪಂಚೆ ಎತ್ತಿ ಕಟ್ಟಿ, ಪೊರಕೆ ಹಿಡಿದು, ತೊಲೆ ತೊಲೆ ಹತ್ತಿ ಮನೆಯಲ್ಲಿದ್ದ ಏಳು ಹಲ್ಲಿಗಳನ್ನೂ ಓಡಿಸಿದರು. ಮಾರನೆಯ ದಿನ ಅತ್ತೆಯ ಮೇಲೆ ಐದು ಸಲ ಹಲ್ಲಿ ಬಿತ್ತು.

ಅಷ್ಟರಲ್ಲಿ ಅತ್ತೆಗೆ ಕೆಮ್ಮು ಹಿಡಿಯಿತು. ಊರಿನ ವೈದ್ಯರು ಎದೆ ನೋಡಿ, "ಈ ವಯಸ್ಸಿಗೆ, ಈ ಗಾಳೀಲಿ ದಿನಕ್ಕೊಂದೇ ಸ್ನಾನ. ಮೀರಿದ್ರೆ ನಾನು ಜವಾಬ್ದಾರನಲ್ಲ" ಅಂದರು. ನಮ್ಮವರು ಗುಮಾಸ್ತರ ಬುದ್ಧಿ ಓಡಿಸಿದರು. "ನಾಯಿ ಸ್ನಾನದ ನೀರಿಂದ ಹಿತ್ತಲೆಲ್ಲ ತೇವ. ತೇವಕ್ಕೆ ಹುಳ, ಹುಳಕ್ಕೆ ಹಲ್ಲಿ, ಹಲ್ಲಿಗೆ ಅಮ್ಮನ ಸ್ನಾನ, ಸ್ನಾನಕ್ಕೆ ಕೆಮ್ಮು. ನಾಯಿ ಹೋದ್ರೆ ಎಲ್ಲಾ ಹೋಗುತ್ತೆ. ಭಾನುವಾರ ಆವತಿಗೆ ಬಿಟ್ಟು ಬರ್ತೀನಿ."

ನಾನು ನಾಯಿ ಬೇಕು ಅಂದರೆ ಅತ್ತೆಯ ಕೆಮ್ಮು ಬೇಕು ಅಂದ ಹಾಗೆ. ಅತ್ತೆಯ ಮುಖ ನೋಡಿದೆ. ಅವರು ಗೋಡೆ ನೋಡುತ್ತಿದ್ದರು.

ಶನಿವಾರ ಮಧ್ಯಾಹ್ನ ನನಗೆ ನಿದ್ದೆ ಬರಲಿಲ್ಲ. ಬೂದನ ಜೊತೆ ಸ್ವಲ್ಪ ಹೊತ್ತು ಕೂತಿರೋಣ ಅಂತ ಹಿತ್ತಲ ಬಾಗಿಲು ತೆಗೆದೆ. ಒಗೆಯುವ ಕಲ್ಲಿನ ಮೇಲೆ ಅತ್ತೆ ಕೂತಿದ್ದರು. ಅವರ ಮಡಿಲಿನಲ್ಲಿ ಬೂದನ ತಲೆ. ಒಂದು ಕೈಯಲ್ಲಿ ಅದರ ಕಿವಿ ಸವರುತ್ತಾ, ಇನ್ನೊಂದು ಕೈಯಲ್ಲಿ ಕೊಬ್ಬರಿ ಚೂರು ತಿನ್ನಿಸುತ್ತಾ, "ಹೋಗ್ಬಿಡ್ತೀಯೇನೋ? ಅಲ್ಲಿ ನಿನಗೆ ಯಾರೋ ಕೊಬ್ಬರಿ ಕೊಡ್ತಾರೆ?" ಅನ್ನುತ್ತಿದ್ದರು. ಕಣ್ಣಲ್ಲಿ ನೀರು. ನನ್ನ ಕಾಲ ಸದ್ದಿಗೆ ತಲೆ ಎತ್ತಿದರು. ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು.

ನಾಯಿಯ ತಲೆಯನ್ನು ಮಡಿಲಿನಿಂದ ಕೆಳಗಿಳಿಸದೆ, ಅತ್ತೆ ಅಂದರು: "ಹಲ್ಲಿ ಬಿತ್ತು ಕಣೇ."

ಭಾನುವಾರ

ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಬೂದ ಉಳಿಯುತ್ತಿತ್ತೋ ಏನೋ, ಆದರೆ ಇಡೀ ಬೀದಿ ಕೈಮುಗಿಯುವ ಮಡಿ ಅವರದು. ಅದನ್ನು ನಾನು ಹೇಗೆ ಕಳೆಯಲಿ? ನಾನು ಸುಮ್ಮನಿದ್ದರೆ ನಾಯಿ ಹೋಗುತ್ತದೆ. ಬೆಳಿಗ್ಗೆ ನಮ್ಮವರು ಸೈಕಲ್ಲಿಗೆ ಬುಟ್ಟಿ ಕಟ್ಟಿ ಬೂದನನ್ನು ಕೂರಿಸಿದರು. ಅದು ಸವಾರಿ ಅಂದುಕೊಂಡು ಬಾಲ ಅಲ್ಲಾಡಿಸುತ್ತಿತ್ತು. ನಾನು ಕಂಬ ಹಿಡಿದು ನಿಂತು ಅಳುತ್ತಿದ್ದೆ. ಬೀದಿಯಲ್ಲಿ ರಂಗೋಲಿ ಹಾಕುತ್ತಿದ್ದ ಹೆಂಗಸರೆಲ್ಲ ಎದ್ದು ನೋಡುತ್ತಿದ್ದರು.

ಸೈಕಲ್ ಹೊರಡಬೇಕು, ಅಷ್ಟರಲ್ಲಿ ಅತ್ತೆ ಒಳಗಿನಿಂದ ದಡದಡ ಬಂದರು. "ನಿಲ್ಸೋ! ನಂದಿನ್ನೂ ಸ್ನಾನ ಆಗಿಲ್ಲ!" ಅಂದರು.

"ಅದಕ್ಕೂ ಇದಕ್ಕೂ ಏನಮ್ಮ?" ಅಂದರು ನಮ್ಮವರು.

ಅತ್ತೆ ಬುಟ್ಟಿಗೆ ಎರಡೂ ಕೈ ಹಾಕಿ, ಅಷ್ಟು ಜನರ ಎದುರಿಗೆ, ಬೂದನನ್ನು ಎತ್ತಿ ಎದೆಗೆ ಅಪ್ಪಿಕೊಂಡರು. ಬೂದ ಅವರ ಮುಖವನ್ನೆಲ್ಲ ನೆಕ್ಕಿತು. "ನನ್ನ ಮೇಲೆ ಬಿದ್ದ ಹಲ್ಲಿ ಇದೇ ಕಣೋ" ಅಂದರು. "ಸ್ನಾನ ಆದ್ಮೇಲೆ ಮುಟ್ಟಿದ್ರೆ ತಾನೇ ಮತ್ತೆ ಸ್ನಾನ? ಇನ್ಮೇಲೆ ಮುಟ್ಟೋದನ್ನೆಲ್ಲ ಸ್ನಾನಕ್ಕೆ ಮುಂಚೇನೇ ಮುಟ್ಟಿ ಮುಗಿಸ್ತೀನಿ. ದಿನಕ್ಕೆ ಒಂದೇ ಸ್ನಾನ. ವೈದ್ಯರ ಮಾತೂ ಉಳೀತು, ಮಡೀನೂ ಉಳೀತು."

"ಬೂದನಿಗೆ?" ಅಂದೆ, ಮೂಗು ಒರೆಸಿಕೊಳ್ಳುತ್ತಾ.

"ತಿಂಗಳಿಗೊಂದು ಸಾಕು. ಪಾಪ, ನಾಯಿಗೆ ಯಾಕೆ ಮಡಿ?"

ನನಗೆ ಅತ್ತೆಯನ್ನೂ ನಾಯಿಯನ್ನೂ ಒಟ್ಟಿಗೆ ತಬ್ಬಿಕೊಳ್ಳಬೇಕು ಅನ್ನಿಸಿತು. ಆ ಕಾಲದಲ್ಲಿ ಸೊಸೆಯಂದಿರು ಅತ್ತೆಯನ್ನು ತಬ್ಬಿಕೊಳ್ಳುತ್ತಿರಲಿಲ್ಲ, ಅದಕ್ಕೆ ನಾಯಿಯನ್ನಷ್ಟೇ ಸವರಿದೆ.

ಮರುದಿನದಿಂದ ಹೊಸ ಪದ್ಧತಿ ಶುರುವಾಯಿತು. ಅತ್ತೆ ಐದಕ್ಕೆ ಎದ್ದು ನೇರವಾಗಿ ಬೂದನ ಹತ್ತಿರ ಹೋಗುವರು. ಇಡೀ ದಿನದ ಮುದ್ದು ಸ್ನಾನಕ್ಕೆ ಮುಂಚೆ ಮುಗಿಯಬೇಕಲ್ಲ. ಬೆನ್ನು ಸವರುವುದು, ಉಣ್ಣೆಹುಳ ಹೆಕ್ಕುವುದು, ಕೊಬ್ಬರಿ, ಆಮೇಲೆ ನನ್ನ ಮೇಲಿನ ದೂರು. ಮೊದಲ ವಾರ ಸ್ನಾನ ಏಳಕ್ಕೆ ಆಗುತ್ತಿತ್ತು. ಎರಡನೇ ವಾರ ಒಂಬತ್ತು. "ಇನ್ನೊಂದು ಗಳಿಗೆ ಕಣೇ, ಈಗ ಬಿಟ್ರೆ ನಾಳೇನೇ" ಅನ್ನುತ್ತಾ ಅನ್ನುತ್ತಾ ಶ್ರಾವಣದ ಹೊತ್ತಿಗೆ ಹನ್ನೆರಡು ದಾಟಿತು. ಅವರ ಸ್ನಾನವಾಗದೆ ದೇವರಿಗೆ ದೀಪವಿಲ್ಲ, ದೀಪವಿಲ್ಲದೆ ಒಲೆ ಹಚ್ಚುವಂತಿಲ್ಲ. ನಮ್ಮವರು ಬೆಂಗಳೂರಿನಲ್ಲಿ ಹೋಟೆಲ್ ಊಟ ಮಾಡಿ ಬದುಕಿಕೊಂಡರು. ನಾನು ಅವಲಕ್ಕಿ ನೆನೆಸಿಕೊಂಡು ತಿಂದೆ. ಮಾವನಿಗೆ ಮಾತ್ರ ಹೆಂಡತಿ ಮಡಿಯಲ್ಲಿ ಮಾಡಿದ ಅಡುಗೆಯೇ ಆಗಬೇಕು.

ಒಂದು ದಿನ ಮಧ್ಯಾಹ್ನ ಎರಡು ಹೊಡೆಯಿತು. ರಾಟೆಯ ಸದ್ದಿಲ್ಲ. ಮಾವ ಹೊಟ್ಟೆ ಹಿಡಿದುಕೊಂಡು ಎದ್ದರು, ಗೋಡೆ ಸವರುತ್ತಾ ಹಿತ್ತಲ ಬಾಗಿಲಿಗೆ ಬಂದರು. ನಲವತ್ತು ವರ್ಷ ಸಂಸಾರ ಮಾಡಿದವರು, ಹೆಂಡತಿಗೆ ಹೇಳಿ ಪ್ರಯೋಜನವಿಲ್ಲ ಅಂತ ಚೆನ್ನಾಗಿ ಗೊತ್ತು. ಬಾಗಿಲಲ್ಲೇ ನಿಂತು, ಎರಡೂ ಕೈ ಮುಗಿದು ಕೂಗಿದರು:

"ಅಪ್ಪಾ ಬೂದಾ, ನೀನಾದ್ರೂ ದೊಡ್ಡ ಮನಸ್ಸು ಮಾಡಿ ಅವಳನ್ನ ಸ್ನಾನಕ್ಕೆ ಬಿಡೋ!"