ಚುಟ್ಟಾ ಯಾಕೆ ಚೌಕ?

ಚುಟ್ಟಾ ಮಾರುವವನಿಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ. ಚೌಕದ ಚುಟ್ಟಾ ಮಾರುವವನಿಗೆ ಎರಡು.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿಯ ಒಂದು ಚುಟ್ಟಾ ಕಾರ್ಖಾನೆಯಲ್ಲಿ ಸೇಲ್ಸ್‌ಮನ್ ಆಗಿದ್ದೆ. ಕಾರ್ಖಾನೆ ಅಂದ ತಕ್ಷಣ ಚಿಮಣಿ ಗಿಮಣಿ ಕಲ್ಪಿಸಿಕೊಳ್ಳಬೇಡಿ. ಒಂದು ಹೆಂಚಿನ ಮನೆ, ಚುಟ್ಟಾ ಸುತ್ತುವ ಎಂಟು ಜನ ಹೆಂಗಸರು, ಅವರ ಮೇಲೆ ಒಬ್ಬ ಯಜಮಾನರು. ನಮ್ಮ ಚುಟ್ಟಾ ಊರವರ ಚುಟ್ಟಾದಂತೆ ದುಂಡಗಿರಲಿಲ್ಲ. ಮೈಸೂರುಪಾಕನ್ನು ಉದ್ದಕ್ಕೆ ಕೊಯ್ದ ಹಾಗೆ ನಾಲ್ಕು ಮಗ್ಗುಲು, ನಾಲ್ಕು ಅಂಚು. ಇದು ಯಾಕೆ ಚೌಕ ಅಂತ ಸೇರಿದ ಮೊದಲ ದಿನವೇ ಕೇಳಿದೆ.

"ಅದು ಕಂಪನಿ ಗುಟ್ಟು. ನಿಮ್ಮ ಕೆಲಸ ಮಾರೋದು," ಅಂದರು ಯಜಮಾನರು.

ಕೊಳ್ಳುವವರಾದರೋ ಬೇರೆ ಏನನ್ನೂ ಕೇಳುತ್ತಿರಲಿಲ್ಲ. ಹೊಗೆಸೊಪ್ಪು ಎಲ್ಲಿಯದು, ಘಾಟು ಹೇಗೆ, ಯಾರಿಗೂ ಬೇಡ. ಯಾಕೆ ಚೌಕ? ಇದೊಂದೇ ಪ್ರಶ್ನೆ, ಎಲ್ಲ ಊರಲ್ಲೂ.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಒದ್ದಾಟ ನಿಮಗೆ ಅರ್ಥವಾಗುವುದಿಲ್ಲ. ನಾನು ಟೆಂಪರರಿ. "ನ್ಯಾಮತಿ, ಹೊನ್ನಾಳಿ, ಜಗಳೂರು, ಮೂರೂ ಕಡೆ ವರ್ಷದೊಳಗೆ ಓಡಿಸಿದ್ರೆ ಖಾಯಂ. ಇಲ್ಲಾಂದ್ರೆ ನಿಮ್ಮ ದಾರಿ ನಿಮಗೆ," ಅಂದಿದ್ದರು ಯಜಮಾನರು. ನಮ್ಮಪ್ಪ ಮಾತ್ರ ನನ್ನ ಮದುವೆ ಮಾತುಕತೆಯಲ್ಲಿ ಹುಡುಗ ಖಾಯಂ ನೌಕರ ಅಂತ ಹೇಳಿ, ಹೆಣ್ಣನ್ನೂ ತಂದಾಗಿತ್ತು. ಅಪ್ಪನ ಸುಳ್ಳನ್ನು ನಿಜ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಹೆಂಡತಿ ಪಕ್ಕದ ಮನೆಯವರ ಹತ್ತಿರ "ನಮ್ಮನೆಯವ್ರದ್ದು ಖಾಯಂ" ಅಂದಾಗಲೆಲ್ಲ ನಾನು ಚುಟ್ಟಾ ತುಂಬಿದ ಟ್ರಂಕು ಹೊತ್ತು ಬೇಗ ಬಸ್ ಸ್ಟ್ಯಾಂಡಿಗೆ ಹೊರಡುತ್ತಿದ್ದೆ.

ನ್ಯಾಮತಿ ಬಸ್ಸು

ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ಬೆಳಗಿನ ಬಸ್ಸಿನ ಡ್ರೈವರ್ ಚುಟ್ಟಾ ಬಿಟ್ಟು ಇರುವವರಲ್ಲ. ಸ್ಟಾಪ್ ಬಂದಾಗ ಎರಡು ದಮ್ಮು ಎಳೆದು, ಆರಿಸಿ, ಸ್ಟಿಯರಿಂಗ್ ಮುಂದಿನ ತಗಡಿನ ಮೇಲೆ ಇಡುತ್ತಿದ್ದರು. ತಿರುವು ಬಂದರೆ ಅದು ಉರುಳಿ ಪೆಡಲ್ ಹತ್ತಿರ ಬೀಳುವುದು. ಅವರು ಬಸ್ಸು ನಿಲ್ಲಿಸಿ, ಬಗ್ಗಿ ಹುಡುಕಿ, ಒರೆಸಿ, ಮತ್ತೆ ಅಲ್ಲೇ ಇಡುವುದು. ಪ್ರಯಾಣಿಕರು ಇದಕ್ಕೆ ಹೊಂದಿಕೊಂಡಿದ್ದರು.

ನಾನು ಒಂದು ಚೌಕದ್ದನ್ನು ಕೊಟ್ಟೆ. ಮೂರು ತಿರುವು ಕಳೆದರೂ ಅದು ಇಟ್ಟಲ್ಲೇ ಇತ್ತು. ಡ್ರೈವರ್ ಸಂತೋಷಕ್ಕೆ ಹಿಂದಕ್ಕೆ ತಿರುಗಿ ಎಲ್ಲರಿಗೂ ತೋರಿಸಿದರು. ಅವತ್ತೇ ನ್ಯಾಮತಿ ಬಸ್ ಸ್ಟ್ಯಾಂಡಿನ ಅಂಗಡಿಯವರು ನಮ್ಮ ಮಾಲು ಇಟ್ಟುಕೊಂಡರು.

ಮುಂದಿನ ವಾರ ಅದೇ ಬಸ್ಸು ಹತ್ತಿದೆ. ಮೊದಲ ತಿರುವಿಗೆ ಬಲಗಡೆ ಕೂತವರು ಎಡಗಡೆಯವರ ತೊಡೆ ಮೇಲಿದ್ದರು. ನನ್ನ ಟ್ರಂಕು ನ್ಯಾಮತಿ ತಲುಪುವುದರೊಳಗೆ ಬಸ್ಸಿನ ಉದ್ದಕ್ಕೂ ಎರಡು ಸಲ ಓಡಾಡಿತು. ಇಳಿದ ಮೇಲೆ ಡ್ರೈವರ್ ನನ್ನ ಬೆನ್ನು ತಟ್ಟಿ, "ಮೊದ್ಲು ಚುಟ್ಟಾ ಉರುಳ್ತೈತೆ ಅಂತ ತಿರುವಿನಾಗೆ ಸ್ಲೋ ಮಾಡ್ತಿದ್ದೆ ಕಣ್ರೀ. ಈಗ ಆ ತಲೆನೋವೇ ಇಲ್ಲ," ಅಂದರು.

ಕಂಡಕ್ಟರ್ ನನ್ನನ್ನು ಬಸ್ಸಿನ ಹಿಂದಕ್ಕೆ ಕರೆದುಕೊಂಡು ಹೋದರು. "ಸ್ವಾಮಿ, ನಿಮ್ಮ ಕಾಲಿಗೆ ಬೀಳ್ತೀನಿ. ಇವ್ರಿಗೊಬ್ರಿಗೆ ದುಂಡಂದೇ ಕೊಡ್ರಿ."

ಹೊನ್ನಾಳಿಯ ಮೇಲ್ಮಗ್ಗುಲು

ದುಂಡು ಚುಟ್ಟಾಕ್ಕೆ ಮೇಲು ಕೆಳಗು ಅಂತ ಇಲ್ಲ. ಚೌಕದ್ದಕ್ಕೆ ಇದ್ದೀತು ಅಂತ ಯಾರಿಗಾದರೂ ಅನುಮಾನ ಬರುತ್ತದೆ ಅಂತ ನನಗೆ ಅನ್ನಿಸಿಯೇ ಇರಲಿಲ್ಲ.

ಹೊನ್ನಾಳಿಯ ಬೀಡಾ ಅಂಗಡಿಯೊಂದರಲ್ಲಿ ಕಂದಾಯ ಇಲಾಖೆಯ ಒಬ್ಬ ನಿವೃತ್ತ ಶೇಕ್ದಾರರು ದಿನಾ ಕೂರುತ್ತಿದ್ದರು. ಅವರು ಕೊಂಡರೆ ಬೀದಿಯೇ ಕೊಳ್ಳುತ್ತಿತ್ತು. ನನ್ನ ಚುಟ್ಟಾವನ್ನು ಪಹಣಿ ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿ, "ಇದ್ರಾಗೆ ಯಾವ ಮಗ್ಗುಲು ಮೇಲೆ ಬರ್ಬೇಕು?" ಅಂದರು.

"ಯಾವ್ದಾದ್ರೂ ಸರಿ ಸಾರ್."

"ಹಂಗಂದ್ರೆ ಹೆಂಗ್ರೀ? ಮಗ್ಗುಲು ಅಂತ ಇದ್ದ ಮೇಲೆ ಮೇಲ್ಮಗ್ಗುಲು ಅಂತ ಒಂದು ಇರ್ಲೇಬೇಕು. ಮನೆ ಬಾಗ್ಲನ್ನ ಯಾವ ಕಡೆಗಾದ್ರೂ ಇಡ್ತಾರಾ?"

ಅಂಗಡಿಯಲ್ಲಿದ್ದ ನಾಲ್ಕೂ ಜನ ತಲೆಯಾಡಿಸಿದರು. ವ್ಯಾಪಾರ ಕೈತಪ್ಪುವುದು ಕಂಡಿತು. "ಎಲೆ ಅಂಟಿಸಿದ ಮಗ್ಗುಲು ಕೆಳಗೆ ಬರ್ಬೇಕು ಸಾರ್. ಕಾವಿಗೆ ಅಂಟು ಬಿಡಬಾರ್ದಲ್ಲ," ಅಂದೆ. ಇದು ಆ ಕ್ಷಣ ಬಾಯಿಗೆ ಬಂದದ್ದು. ಶೇಕ್ದಾರರು "ಹಂಗೆ ಹೇಳ್ರಿ ಮತ್ತೆ" ಅಂತ ಒಂದು ಕಟ್ಟು ಕೊಂಡರು. ಬೀದಿಯೂ ಕೊಂಡಿತು.

ಎರಡು ತಿಂಗಳಲ್ಲಿ ಇದು ಶಾಸ್ತ್ರವಾಯಿತು. ಚುಟ್ಟಾ ನಡುವೆ ಆರಿಹೋದವನ ಮೇಲೆ ಯಾರೂ ಕನಿಕರ ತೋರಿಸುತ್ತಿರಲಿಲ್ಲ. "ಮಗ್ಗುಲು ನೋಡಿ ಹಿಡೀಬೇಕಪ್ಪ" ಅನ್ನುತ್ತಿದ್ದರು. ಒಂದು ಸಲ ಬಸ್ಸು ಕಾಯುತ್ತಾ ನಾನೇ ಒಂದನ್ನು ಹಚ್ಚಿದೆ. ಪಕ್ಕದಲ್ಲಿ ಕೂತಿದ್ದ ಅಪರಿಚಿತರು ಸ್ವಲ್ಪ ಹೊತ್ತು ನೋಡಿ ತಡೆಯಲಾರದೆ, "ಹೊಸಬ್ರಾ?" ಅಂದರು.

"ಹೌದು. ಚನ್ನಗಿರಿ."

ಅವರು ನನ್ನ ಬೆರಳಿಂದ ಚುಟ್ಟಾ ಮೆಲ್ಲಗೆ ಬಿಡಿಸಿಕೊಂಡು, ತಿರುಗಿಸಿ, ವಾಪಸ್ಸು ಸಿಕ್ಕಿಸಿದರು. "ಹಿಂಗೆ ಹಿಡೀಬೇಕು. ಪಾಪ, ಚನ್ನಗಿರಿ ಕಡೆಯೋರಿಗೆ ಇದು ಎಲ್ಲಿ ಗೊತ್ತಾಗ್ತೈತೆ."

ಜಗಳೂರಿನ ರುಮಾಲು

ಜಗಳೂರು ನನ್ನನ್ನು ಅಳಿಸಿಬಿಟ್ಟಿತ್ತು. ಆ ಕಡೆ ಚುಟ್ಟಾ ಇಡುವ ಜಾಗ ಕಿವಿ. ಜೇಬಿರುವ ಅಂಗಿ ಹಬ್ಬಕ್ಕೆ. ದಿನಾ ಚುಟ್ಟಾ ಕಿವಿಯ ಹಿಂದೆ. ದುಂಡಾಗಿದ್ದರೆ ಅಲ್ಲಿ ಸುಖವಾಗಿ ಕೂರುತ್ತದೆ. ನಮ್ಮದರ ಅಂಚು ಕೊರೆಯುತ್ತಿತ್ತು. ಒಬ್ಬ ರೈತರು ಕೆಂಪಾದ ಕಿವಿ ತಂದು ನನಗೆ ತೋರಿಸಿದರು. ಕಿರಾಣಿ ಅಂಗಡಿಯವರು, "ಚುಟ್ಟಾ ತಂದೀರೋ ಉಳಿ ತಂದೀರೋ?" ಅಂದರು. ವರ್ಷದಲ್ಲಿ ಎಂಟು ತಿಂಗಳು ಕಳೆದಿತ್ತು. ಮೂರು ಊರಲ್ಲಿ ಒಂದು ಕೈಕೊಟ್ಟರೂ ನಾನು ಮನೆಗೆ.

"ಕಿವೀಲಿ ಯಾಕೆ ಇಡ್ತೀರಿ? ತಲೆ ರುಮಾಲಿನ ಮಡಿಕೆಯೊಳಗೆ ಸಿಕ್ಕಿಸ್ಕೊಳ್ಳಿ. ಚಪ್ಪಟೆ ಐತಲ್ಲ, ಜಾರಲ್ಲ," ಅಂತ ಒಂದು ದಾರಿ ತೋರಿಸಿದೆ. ಹತ್ತಿರದ ಹಳ್ಳಿಯ ಗೌಡರೊಬ್ಬರಿಗೆ ಈ ಮಾತು ಹಿಡಿಸಿತು.

ಮುಂದಿನ ಸಲ ಕಿರಾಣಿಯವರ ಜೊತೆ ಆ ಹಳ್ಳಿಗೆ ಹೋದಾಗ ಬೇವಿನ ಮರದ ಕೆಳಗೆ ಪಂಚಾಯ್ತಿ ಸೇರಿತ್ತು. ಯಾರದೋ ಎಮ್ಮೆ ಇನ್ಯಾರದೋ ಜೋಳ ಮೇದಿತ್ತು. ಗೌಡರು ಸೇದುತ್ತಿದ್ದ ಅರ್ಧ ಚುಟ್ಟಾವನ್ನು ಕಲ್ಲಿಗೆ ಉಜ್ಜಿ, ರುಮಾಲಿಗೆ ಸಿಕ್ಕಿಸಿ, ಎದ್ದು ನಿಂತು ಮಾತು ಶುರುಮಾಡಿದರು. ಸ್ವಲ್ಪ ಹೊತ್ತಿಗೆ ರುಮಾಲಿನಿಂದ ಒಂದು ಎಳೆ ಹೊಗೆ ಎದ್ದಿತು. ಆಮೇಲೆ ಎರಡೆಳೆ. ಐವತ್ತು ಜನ ನೋಡುತ್ತಿದ್ದರು, ಒಬ್ಬರೂ ಉಸಿರೆತ್ತಲಿಲ್ಲ. ನಾನು ಏಳಹೋದರೆ ಕಿರಾಣಿಯವರು ನನ್ನ ಮೊಣಕಾಲು ಅದುಮಿ ಹಿಡಿದರು. "ಗೌಡ್ರು ಮಾತಾಡೋವಾಗ ನಡುವೆ ಬಾಯಿ ಹಾಕ್ಬಾರ್ದು. ಕೂತ್ಕಳ್ರಿ."

ಗೌಡರು ಎಮ್ಮೆಯ ಹಿಂದಿನ ತಪ್ಪುಗಳನ್ನೆಲ್ಲ ವಿವರಿಸಿ ಈ ವರ್ಷದ್ದಕ್ಕೆ ಬರುವಷ್ಟರಲ್ಲಿ ವಾಸನೆ ಅವರ ಮೂಗಿಗೂ ಮುಟ್ಟಿತು. ಮಾತು ನಿಲ್ಲಿಸಿ ಸುತ್ತ ನೋಡಿದರು. ಮುಖ ಕೆಂಪಾಯಿತು.

"ಯಾವನಲೇ ಅವ್ನು? ಹಿರೇರ ಮುಂದೆ ಕೂತು ಚುಟ್ಟಾ ಸೇದಾಕೆ ನಾಚ್ಕೆ ಆಗಲ್ವಾ? ಎದ್ದು ನಿಂತ್ಕಾ!"

ಯಾರೂ ಏಳಲಿಲ್ಲ. ಕೊನೆಗೆ ಎಮ್ಮೆಯ ಮಾಲೀಕ, ಹೇಗಿದ್ದರೂ ಸೋಲುವವನು, ಕೈಮುಗಿದು, "ತಾವು ಆಗ್ಲೇ ನಿಂತೀರಲ್ಲ ಗೌಡ್ರೇ," ಅಂದ.

ರುಮಾಲನ್ನು ದನ ನೀರು ಕುಡಿಯುವ ಬಾನಿಯಲ್ಲಿ ಅದ್ದಲಾಯಿತು. ಗೌಡರು ಅದನ್ನು ಹಿಂಡುತ್ತಾ ನನ್ನನ್ನು ಹತ್ತಿರ ಕರೆದರು. ಟ್ರಂಕು ಬಿಟ್ಟು ಓಡುವುದೋ ಹೊತ್ತುಕೊಂಡು ಓಡುವುದೋ ಅಂತ ಯೋಚಿಸುತ್ತಾ ಹೋದೆ. ಅವರು ನೆರೆದವರಿಗೆಲ್ಲ ಕೇಳಿಸುವ ಹಾಗೆ, "ಉಜ್ಜಿದ್ರೂ ಆರಿಲ್ಲ, ಅರ್ಧ ಗಂಟೆ ಕಟ್ಟಿಟ್ರೂ ಆರಿಲ್ಲ. ಮಾಲು ಚಲೋ ಐತೆ ಕಣ್ರೀ," ಅಂದರು.

ಕತ್ತಲಗೆರೆಯ ಅಳತೆ

ಮೂರೂ ಊರಿನಿಂದ ಆರ್ಡರು ಬರತೊಡಗಿದ್ದೇ ಯಜಮಾನರು ಹುಳ ಹಿಡಿದ ಹಳೇ ಪೆಟ್ಟಿಗೆಗಳನ್ನು ಮೂಲೆಗೆ ಹಾಕಿ ಹೊಸ ಮರದ ಪೆಟ್ಟಿಗೆಗಳನ್ನು ಮಾಡಿಸಿದರು. ಅವತ್ತು ನನಗೆ ಕಂಪನಿ ಗುಟ್ಟು ಕಾಣಸಿಕ್ಕಿತು. ಸುತ್ತಿದ ಹಸಿ ಚುಟ್ಟಾಗಳನ್ನು ಪೆಟ್ಟಿಗೆಯಲ್ಲಿ ಐದು ಪದರ ಜೋಡಿಸಿ, ಮುಚ್ಚಳ ಇಟ್ಟು, ಮೇಲೊಂದು ರುಬ್ಬುವ ಕಲ್ಲು ಹೇರುತ್ತಿದ್ದರು. ಹಸಿ ಎಲೆ ಮಿದು. ಎಂಟು ದಿನ ಒಂದರ ಮೈಗೊಂದು ಒತ್ತಿಕೊಂಡು ಚುಟ್ಟಾ ಚೌಕವಾಗುತ್ತಿತ್ತು, ಒಣಗಿದ ಮೇಲೂ ಹಾಗೇ ಉಳಿಯುತ್ತಿತ್ತು. ಇಷ್ಟೇ. ಎಲ್ಲ ಕಲ್ಲಿನ ಮಹಿಮೆ ಅಂತ ಯಜಮಾನರ ನಂಬಿಕೆ.

ಎಂಟು ದಿನ ಬಿಟ್ಟು ಹೊಸ ಪೆಟ್ಟಿಗೆ ತೆಗೆದರೆ ಚುಟ್ಟಾ ದುಂಡಗಿತ್ತು.

ಕಲ್ಲು ಬದಲಾಯಿಸಿದರು, ದುಂಡು. ಎರಡು ಕಲ್ಲು ಹೇರಿದರು, ದುಂಡು. ಕಲ್ಲಿಗಿಂತ ಯಜಮಾನರೇ ಭಾರ ಅಂತ ಸುತ್ತುವ ಹೆಂಗಸೊಬ್ಬರು ಧೈರ್ಯ ಮಾಡಿ ಹೇಳಿದ್ದಕ್ಕೆ, ಅವರೇ ಒಂದು ಮಧ್ಯಾಹ್ನ ಪೆಟ್ಟಿಗೆ ಮೇಲೆ ಕೂತು ಪೇಪರ್ ಓದಿದರು. ದುಂಡು. ಬೇರೆ ದಾರಿಯಿಲ್ಲದೆ ಅದನ್ನೇ ಕಳಿಸಿದೆವು. ಜಗಳೂರಿನವರು ಡೂಪ್ಲಿಕೇಟ್ ಮಾಲು ಅಂತ ವಾಪಸ್ಸು ಹಾಕಿದರು. ಹೊನ್ನಾಳಿಯ ಶೇಕ್ದಾರರು ಒಂದು ಕಾರ್ಡು ಬರೆದರು: "ಇದಕ್ಕೆ ಮೇಲ್ಮಗ್ಗುಲು ಹುಡುಕಿ ಸಾಕಾಯಿತು."

"ಈ ತಿಂಗ್ಳು ಮುಗಿದ ಮೇಲೆ ನೀವು ಬೇರೆ ಕಡೆ ನೋಡ್ಕಳ್ರಿ," ಅಂದರು ಯಜಮಾನರು. ಮನೆಗೆ ಹೋಗಿ ಊಟದಿಂದ ಅರ್ಧಕ್ಕೇ ಎದ್ದೆ. ಹೆಂಡತಿ ಯಾಕೆ ಅಂದಳು, ಸೆಕೆ ಅಂದೆ. ನಿಜ ಹೇಳುತ್ತೇನೆ, ಬಚ್ಚಲಿಗೆ ಹೋಗಿ ಅತ್ತೆ.

ಬೆಳಿಗ್ಗೆ ಹೋದವನೇ ಹಳೇ ಪೆಟ್ಟಿಗೆಯ ಪಕ್ಕ ಹೊಸದನ್ನು ಇಟ್ಟು ನೋಡಿದೆ. ಉದ್ದ ಸರಿ, ಅಗಲ ಸರಿ. ಆಳ ಮಾತ್ರ ಹೊಸದರಲ್ಲಿ ಒಂದು ಬೆರಳು ಹೆಚ್ಚು. ಚುಟ್ಟಾಗಳು ಒತ್ತಿಕೊಳ್ಳದೆ ಆರಾಮಾಗಿ ಮಲಗಿ ಎದ್ದಿದ್ದವು. ಮುಚ್ಚಳ ಪೆಟ್ಟಿಗೆಯ ಅಂಚಿನ ಮೇಲೆ ಕೂತಿತ್ತು, ಯಜಮಾನರು ಮುಚ್ಚಳದ ಮೇಲೆ ಕೂತಿದ್ದರು, ಅಷ್ಟೇ.

ಇಬ್ಬರೂ ಕತ್ತಲಗೆರೆಗೆ ಬಸ್ಸು ಹತ್ತಿದೆವು. ಪೆಟ್ಟಿಗೆ ಮಾಡುವ ವಯಸ್ಸಾದ ಬಡಗಿ ಮೇಸ್ತ್ರಿ ಇದ್ದದ್ದು ಅಲ್ಲಿ. ನಮ್ಮನ್ನು ಕಂಡ ಕೂಡಲೇ ಅವರ ಮುಖ ಅರಳಿತು.

"ಈ ಸಲ ಸರಿ ಬಂದಾವಲ್ರೀ?"

"ಎಲ್ಲಿ ಸರಿ? ಒಂದು ಬೆರಳು ಜಾಸ್ತಿ ಬಂದೈತೆ!" ಅಂದರು ಯಜಮಾನರು.

"ಜಾಸ್ತಿ ಅಲ್ರೀ, ಹೋದ ಸಲ ಕಮ್ಮಿ ಇತ್ತು. ಗೇಣು ಉದ್ದ, ಗೇಣು ಅಗಲ, ಹಿಡಿ ಆಳ ಅಂದಿದ್ರಿ ನೀವು." ಮೇಸ್ತ್ರಿ ಬಲಗೈ ಮುಷ್ಟಿ ಕಟ್ಟಿ ನಮ್ಮ ಮುಂದೆ ಹಿಡಿದರು. ಅದರಲ್ಲಿ ನಡುಬೆರಳು ಇರಲಿಲ್ಲ. ಎಷ್ಟೋ ವರ್ಷದ ಹಿಂದೆ ಬಾಚಿಯ ಏಟಿಗೆ ಹೋಗಿತ್ತು. "ಹೆಬ್ಬೆಟ್ಟು, ಕಿರುಬೆರಳು ನೆಟ್ಟಗೆ ಅವೆ, ಅದಕ್ಕೇ ಗೇಣು ಸರಿ ಬಂತು. ನಾಲ್ಕು ಬೆರಳಿಂದು ಆಗ್ಬೇಕಿದ್ದ ಹಿಡಿ ಮೂರೇ ಬೆರಳಿಂದು ಬಂತು. ಮುಚ್ಚಳ ಕೂರಲ್ಲ, ಕಲ್ಲು ಹೇರಿ ಕೂರಿಸ್ತಾರೆ ಅಂತ ಆಮ್ಯಾಲೆ ಯಾರೋ ಹೇಳಿದ್ರು. ನಾಚ್ಕೆ ಆತು ನನಗೆ. ಈ ಸಲ ಎಡಗೈಲಿ ಅಳೆದೆ."

ಯಜಮಾನರು ಅಲ್ಲೇ ಬಿದ್ದಿದ್ದ ಹಲಗೆಯ ಮೇಲೆ ಕುಕ್ಕರಿಸಿದರು. ಮುಚ್ಚಳ ಕೂರದೆ ಕಲ್ಲು ಹೇರಿದ್ದು ಅವರ ಕಾರ್ಖಾನೆಯ ಹೆಂಗಸರೇ. ಅದು ಚೌಕವಾಗಿದ್ದು ತಾನಾಗಿಯೇ. ಗುಟ್ಟು ಅಂತ ಹೆಸರಿಟ್ಟದ್ದಷ್ಟೇ ಯಜಮಾನರು.

"ಮೇಸ್ತ್ರೀ, ಮತ್ತೆ ಬಲಗೈಲೇ ಅಳೀರಿ," ಅಂದರು ಕೊನೆಗೆ.

"ಆಗಲ್ಲ ರೀ. ಗೊತ್ತಿಲ್ದೆ ತಪ್ಪಾತು. ಗೊತ್ತಿದ್ದೂ ತಪ್ಪು ಮಾಡು ಅಂದ್ರೆ ಹೆಂಗೆ?"

"ಹಳೇ ಪೆಟ್ಟಿಗೆ ತಂದು ಕೊಡ್ತೀವಿ, ಅದನ್ನ ನೋಡಿ ಮಾಡ್ರಿ."

"ತಪ್ಪು ಪೆಟ್ಟಿಗೆ ನೋಡಿ ಇನ್ನೊಂದು ತಪ್ಪು ಪೆಟ್ಟಿಗೆ ಮಾಡೋ ಪೈಕಿ ಅಲ್ಲ ನಾನು. ಬೇಕಿದ್ರೆ ಹೊಸ ಅಳತೆ ಕೊಡ್ರಿ. ಮೂರು ಬೆರಳು ಅನ್ರಿ, ಮೂರು ಬೆರಳು ಮಾಡ್ತೀನಿ. ಅದು ತಪ್ಪಲ್ಲ, ಅಳತೆ. ಆದ್ರೆ ಕೈ ನಿಮ್ಮ ಕಡೇದು ಇರ್ಲಿ."

ಯಜಮಾನರು ಖುಷಿಯಿಂದ ಮೂರು ಬೆರಳು ಚಾಚಿದರು. ಮೇಸ್ತ್ರಿ ತಮ್ಮ ಎಡಗೈ ಮುಷ್ಟಿಯನ್ನು ಪಕ್ಕಕ್ಕೆ ಹಿಡಿದು ನೋಡಿದರು. ತುಪ್ಪ ತಿಂದು ಬೆಳೆದ ಬೆರಳು. ಯಜಮಾನರ ಮೂರು ಮೇಸ್ತ್ರಿಯ ನಾಲ್ಕಕ್ಕೆ ಸಮ ಬಂತು. ಮತ್ತೆ ದುಂಡು.

ಆಗ ಇಬ್ಬರೂ ನನ್ನ ಕಡೆ ತಿರುಗಿದರು. ನಾನು ಕೈ ಮುಂದೆ ಮಾಡಿದೆ. ವರ್ಷವಿಡೀ ಟ್ರಂಕು ಹೊತ್ತು, ಬಸ್ ಸ್ಟ್ಯಾಂಡಿನ ಟೀ ಕುಡಿದು ಸೊರಗಿದ ಕೈ. ಮೇಸ್ತ್ರಿ ತಮ್ಮ ಬಲಗೈ ಮುಷ್ಟಿಯ ಪಕ್ಕ ನನ್ನ ಮೂರು ಬೆರಳು ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿದರು. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಇದು ಅಳತೆ," ಅಂದರು.

ಬಸ್ಸಿನಲ್ಲಿ ವಾಪಸ್ಸು ಬರುವಾಗ ಯಜಮಾನರು ನನ್ನನ್ನು ಕಿಟಕಿ ಪಕ್ಕ ಕೂರಿಸಿದರು. "ನಾಳೆಯಿಂದ ನೀವು ಖಾಯಂ. ಪೆಟ್ಟಿಗೆ ಮಾಡ್ಸೋವಾಗೆಲ್ಲ ಕತ್ತಲಗೆರೆಗೆ ಬರ್ಬೇಕು, ಅಷ್ಟೇ," ಅಂದರು. ಸ್ವಲ್ಪ ದೂರ ಹೋದ ಮೇಲೆ, ಏನೋ ನೆನಪಾದವರಂತೆ, "ಒಂದೇ ಷರತ್ತು. ದಪ್ಪ ಆಗಬ್ಯಾಡ್ರಿ," ಅಂದರು.

ಹೂಂ ಅಂದೆ. ಒಂದು ಕಡ್ಡಿಯನ್ನು ನನ್ನ ಮೂರು ಬೆರಳಿನ ಅಳತೆಗೆ ಮುರಿದು ಮೇಸ್ತ್ರಿಯ ಕೈಗೆ ಕೊಟ್ಟರೆ ನಾನು ಬೇಕಾಗಿಯೇ ಇಲ್ಲ ಅಂತ ನನಗೆ ಆ ಬಸ್ಸಿನಲ್ಲೇ ಹೊಳೆದಿತ್ತು. ಹನ್ನೆರಡು ವರ್ಷ ಅಲ್ಲಿ ಕೆಲಸ ಮಾಡಿದೆ, ಯಾರಿಗೂ ಹೇಳಲಿಲ್ಲ.