ಹೆದರದವನ ಬಿಕ್ಕಳಿಕೆ

ನವೆಂಬರ್ ಹನ್ನೊಂದರ ಆ ಬೆಳಿಗ್ಗೆ ನೆಸ್ಟರ್ ಬೊಯ್ಕೊ ಕದ್ದದ್ದು ಬರೀ ಮೂರು ಕಡುಬು. ಯುದ್ಧದಲ್ಲಿ ಮಡಿದವರ ಸ್ಮರಣೆ ಮುಗಿದ ಮೇಲೆ ಮಾಜಿ ಸೈನಿಕರ ಭವನದಲ್ಲಿ ನಡೆಯುವ ಊಟಕ್ಕೆಂದು ಅವನ ಹೆಂಡತಿ ಓರಿಸ್ಯಾ ಆಲೂಗಡ್ಡೆ ತುಂಬಿ ಬೇಯಿಸಿಟ್ಟ ಇನ್ನೂರು ಕಡುಬುಗಳಲ್ಲಿ ಮೂರು ಕಡಿಮೆಯಾದರೆ ಮ್ಯಾನಿಟೋಬಾ ಪ್ರಾಂತ್ಯವೇನೂ ಮುಳುಗಿಹೋಗುತ್ತಿರಲಿಲ್ಲ. ಆದರೆ ಆಕೆ ತಿರುಗಿ ನೋಡುವಷ್ಟರಲ್ಲಿ ಮೂರನ್ನೂ ಬಿಸಿಬಿಸಿಯಾಗಿ, ಅಗಿಯದೆ ನುಂಗಬೇಕಾಗಿ ಬಂದದ್ದೇ ಅನಾಹುತಕ್ಕೆ ಮೂಲವಾಯಿತು.

“ಹಿಕ್!”

“ಎಷ್ಟು ತಿಂದೆ?” ಓರಿಸ್ಯಾ ಒಲೆಯಿಂದ ಕಣ್ಣು ತೆಗೆಯದೆ ಕೇಳಿದಳು.

“ಒಂದೂ ಇಲ್ಲ... ಹಿಕ್!”

“ಇದು ಮೂರು ತಿಂದವನ ಬಿಕ್ಕಳಿಕೆ. ನಂಗೊತ್ತಿಲ್ವಾ? ನೀರು ಕುಡಿ.”

ಬೇರೆ ದಿನವಾಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ಹನ್ನೊಂದು ಗಂಟೆಗೆ ಸ್ಮಾರಕದ ಮುಂದೆ ಎರಡು ನಿಮಿಷ ಇಡೀ ಊರು ಮೌನವಾಗಿ ನಿಲ್ಲಬೇಕು. ಸಾಲಿನ ಮೊದಲಲ್ಲಿ ನಿಲ್ಲುವವನು ನೆಸ್ಟರ್. ಕೊರಿಯಾದ ಗುಡ್ಡವೊಂದರಿಂದ, ಗುಂಡಿನ ಮಳೆಯ ನಡುವೆ, ಗಾಯಗೊಂಡ ಇಬ್ಬರನ್ನು ಹೆಗಲ ಮೇಲೆ ಹೊತ್ತು ಇಳಿಸಿದ್ದಕ್ಕೆ ಸರ್ಕಾರ ಅವನಿಗೆ ಶೌರ್ಯಪದಕ ತೊಡಿಸಿತ್ತು. ಮೂರನೆಯ ಸಲ ಹತ್ತಿದ್ದು ಗೆಳೆಯ ಆರ್ಚಿಗಾಗಿ. ಆ ವೇಳೆಗೆ ಆರ್ಚಿ ಉಳಿದಿರಲಿಲ್ಲ. ಅಂದಿನಿಂದ ಮೂವತ್ತನಾಲ್ಕು ವರ್ಷ ಆ ಎರಡು ನಿಮಿಷ ಆರ್ಚಿಯದಾಗಿತ್ತು. ಒಮ್ಮೆ ನ್ಯುಮೋನಿಯಾ ಜ್ವರದಲ್ಲಿ ನಿಂತಾಗಲೂ ನೆಸ್ಟರ್ ಒಂದು ಕೆಮ್ಮನ್ನು ಹೊರಗೆ ಬಿಟ್ಟಿರಲಿಲ್ಲ.

ನೀರು ಕುಡಿದದ್ದಾಯಿತು, ಸಕ್ಕರೆ ಮುಕ್ಕಿದ್ದಾಯಿತು, ಮುಖ ಬೀಟ್‌ರೂಟಿನ ಬಣ್ಣಕ್ಕೆ ತಿರುಗುವವರೆಗೆ ಉಸಿರು ಹಿಡಿದದ್ದೂ ಆಯಿತು. ಹತ್ತು ಗಂಟೆಗೆ ಬೇಲಿಯಾಚೆ ನೆರೆಮನೆಯ ಪಾವ್ಲೊನ ತಲೆ ಕಾಣಿಸಿಕೊಂಡಿತು. ಊರಿನ ಯಾವ ಕಷ್ಟವೂ ತನ್ನ ಸಲಹೆಯಿಲ್ಲದೆ ಪರಿಹಾರವಾಗಬಾರದೆಂಬುದು ಪಾವ್ಲೊನ ಜೀವನಸಿದ್ಧಾಂತ.

“ಲೋ, ಒಂದು ಗಂಟೆಯಿಂದ ಕೇಳಿಸ್ಕೊಳ್ತಿದೀನಿ. ಕೆಟ್ಟ ಪಂಪಿನ ಹಾಗೆ ಏನೋ ಅದು?”

“ಬಿಕ್ಕ... ಹಿಕ್!”

“ಇದಕ್ಕೆಲ್ಲ ಒಂದೇ ಮದ್ದು, ಹೆದರಿಸೋದು. ನನಗೆ ಬಿಡು.”

ಐದು ನಿಮಿಷದೊಳಗೆ ನೆಸ್ಟರನ ಕಿವಿಯ ಹಿಂದೆ ಊದಿದ ಕಾಗದದ ಚೀಲವೊಂದು ಫಟ್ಟೆಂದು ಸಿಡಿಯಿತು. ಅಡುಗೆಮನೆಯ ಬೆಕ್ಕು ಬೀರುವಿನ ಮೇಲೆ ಹಾರಿತು. ನೆಸ್ಟರ್ ನಿಧಾನವಾಗಿ ತಿರುಗಿ, “ಇನ್ನೊಂದು ಚೀಲ ಬೇಕೇನೋ? ಹಿಕ್!” ಎಂದ.

ಪಾವ್ಲೊ ಹಣೆ ಚಚ್ಚಿಕೊಂಡ. “ಓರಿಸ್ಯಾ, ಇವನ ಕತೆ ಮುಗೀತು. ಹೆದರದೆ ಇರೋದಕ್ಕೇ ಪದಕ ತಗೊಂಡೋನನ್ನ ಹೆದರಿಸೋದಾದ್ರೂ ಹೇಗೆ?”

ಸ್ಮಾರಕಕ್ಕೆ ಹೊರಟ ದಾರಿಯಲ್ಲಿ ನಿವೃತ್ತ ದಾದಿ ಥೋರಾ ಎದುರಾದಳು. ಪಾವ್ಲೊ ಆಗಲೇ ಫೋನ್ ಮಾಡಿ ಹೇಳಿಕೊಟ್ಟಿದ್ದ. ಆಕೆ ಸಾವಿನ ಮನೆಯ ಮುಖ ಮಾಡಿಕೊಂಡು ನೆಸ್ಟರನ ನಾಡಿ ಹಿಡಿದಳು.

“ನೆಸ್ಟರ್, ಹೇಳಬಾರದು ಅಂತಿದ್ದೆ. ಈ ಥರ ಬಿಕ್ಕಳಿಕೆ ಬಂದೋರು ಮೂರು ತಿಂಗಳ ಮೇಲೆ ಬದುಕಿದ್ದು ನಾನು ನೋಡಿಲ್ಲ.”

ನೆಸ್ಟರ್ ಲೆಕ್ಕ ಹಾಕಿದ. “ಫೆಬ್ರವರಿ! ಹಿಕ್! ಹಾಗಾದ್ರೆ ಬೇಸಿಗೇಲಿ ಚಾವಣಿ ರಿಪೇರಿ ಮಾಡೋದು ತಪ್ತು. ಬದುಕಿದೆ ಕಣೇ ಥೋರಾ!”

ಆ ಮಾತು ಮುಗಿಯುವ ಮೊದಲೇ ಅಂಚೆ ಕಚೇರಿಯ ಮೂಲೆಯಿಂದ ಕರಡಿಯೊಂದು ಘರ್ಜಿಸುತ್ತ ಹೊರಬಿತ್ತು. ಥೋರಾ ಚೀರಿ, ಕೈಚೀಲವನ್ನು ಗಿರ್ರನೆ ತಿರುಗಿಸಿ ಅದರ ಮೂತಿಗೆ ಬಾರಿಸಿದಳು. ಕರಡಿ “ಅಯ್ಯೋ ನನ್ನ ಕನ್ನಡಕ!” ಎನ್ನುತ್ತ ಹಿಮದ ಮೇಲೆ ಜಾರಿ, ಕಾಲು ಉಳುಕಿಸಿಕೊಂಡು ಕುಳಿತಿತು.

“ಪಾವ್ಲೊ, ತೊಗಲಿನ ಕೆಳಗೆ ಬೂಟು ಕಾಣ್ತಿತ್ತು ಕಣೋ. ಹಿಕ್!” ಎಂದ ನೆಸ್ಟರ್.

ಗಡಿಯಾರ ಹತ್ತು ಐವತ್ತು ತೋರಿಸುತ್ತಿತ್ತು. ಗಾಯಾಳುವನ್ನು ಬಿಟ್ಟುಹೋಗುವುದು ನೆಸ್ಟರನ ಜಾಯಮಾನವಲ್ಲ. ಹೀಗಾಗಿ ಆ ವರ್ಷ ನಮ್ಮೂರಿನ ವೀರಯೋಧನು ಎದೆಯ ಮೇಲೆ ಪದಕಗಳನ್ನೂ ಹೆಗಲ ಮೇಲೆ ಕರಡಿಯನ್ನೂ ಧರಿಸಿ ಸ್ಮಾರಕಕ್ಕೆ ಆಗಮಿಸಿದನು. ನೆರೆದಿದ್ದ ಮುನ್ನೂರು ಜನ ಸಭ್ಯತೆಯಿಂದ ಆಕಾಶ ನೋಡಿದರು.

ಕರಡಿಯನ್ನು ಬೆಂಚಿನ ಮೇಲೆ ಇಳಿಸಿ ನೆಸ್ಟರ್ ಸಾಲಿನಲ್ಲಿ ನಿಂತ. ಒಂದೊಂದು ಬಿಕ್ಕಳಿಕೆಗೂ ಎದೆಯ ಪದಕಗಳು ಹಸುವಿನ ಕೊರಳ ಗಂಟೆಯಂತೆ ಠಣ್ಣೆನ್ನುತ್ತಿದ್ದವು. ಹನ್ನೊಂದಕ್ಕೆ ನಾಲ್ಕು ನಿಮಿಷ. ಮೂರು ನಿಮಿಷ. ಗುಂಡಿಗೆ ಅಂಜದ ಆ ಕಣ್ಣುಗಳಲ್ಲಿ ಈಗ ನೀರಾಡಿತು. ‘ವರ್ಷಕ್ಕೆ ಎರಡೇ ನಿಮಿಷ ಕಣೋ ಆರ್ಚಿ, ಅದನ್ನೂ ನೆಟ್ಟಗೆ ಕೊಡೋಕಾಗ್ತಿಲ್ಲ’ ಎಂದು ಒಳಗೊಳಗೇ ಕುಗ್ಗಿದ.

ಆಗ ಊರಿನ ಮೇಯರಮ್ಮ ಶ್ರೀಮತಿ ಲಿಂಡಾಲ್ ಬಳಿಗೆ ಬಂದು ಪಿಸುಗುಟ್ಟಿದಳು.

“ಬೊಯ್ಕೊ ಅವರೇ, ಭಾಷಣಕ್ಕೆ ಬರಬೇಕಿದ್ದ ಕರ್ನಲ್ ಸಾಹೇಬರ ಕಾರು ಹಿಮದಲ್ಲಿ ಚರಂಡಿಗೆ ಬಿದ್ದಿದೆ. ಮೌನ ಮುಗಿದ ತಕ್ಷಣ ನೀವೇ ಮೈಕಿನ ಮುಂದೆ ನಿಂತು ಹತ್ತು ನಿಮಿಷ ಮಾತಾಡಬೇಕು.”

ನೆಸ್ಟರನ ರಕ್ತ ಹೆಪ್ಪುಗಟ್ಟಿತು. ಮದುವೆಯ ದಿನ ‘ಹೂಂ’ ಎಂದದ್ದೇ ನಾಲ್ಕು ಜನರೆದುರು ಅವನಾಡಿದ ದೊಡ್ಡ ಮಾತು. ಬಿಕ್ಕಳಿಕೆ ನಿಂತೇಹೋಯಿತು!

ಕಹಳೆ ಮೊಳಗಿ ನಿಂತಿತು. ಮೌನ. ಹಿಮ ಬೀಳುವುದು ಕೇಳಿಸುವಂಥ ಮೌನ. ಕರಡಿಯೂ ತಲೆ ಬಾಗಿಸಿತ್ತು. ಆರ್ಚಿ ಇದ್ದಿದ್ದರೆ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ ಎಂದು ನೆಸ್ಟರನಿಗೆ ಅನ್ನಿಸಿತು. ಎಷ್ಟೋ ವರ್ಷಗಳ ಮೇಲೆ ಅವನಿಗೆ ಗೆಳೆಯನ ಸತ್ತ ಮುಖದ ಬದಲು ನಗುವ ಮುಖ ಕಂಡಿತು. ಎರಡು ನಿಮಿಷ ತುಂಬಿತು.

“ಬಿಕ್ಕಳಿಕೆ ನಿಲ್ಲಿಸೋಕೆ ಭಲೇ ಉಪಾಯ ಮಾಡಿದ್ರಿ ಮೇಡಂ!” ನೆಸ್ಟರ್ ಕೈಕುಲುಕಲು ಮೆಲ್ಲಗೆ ಕೈ ಚಾಚಿದ.

“ಎಂಥ ಉಪಾಯ?” ಎಂದು ಆಕೆ ಅದೇ ಕೈ ಹಿಡಿದು ಅವನನ್ನು ಮೈಕಿನ ಮುಂದೆ ನಿಲ್ಲಿಸಿದಳು.

ನೆಸ್ಟರ್ ಬಾಯಿ ತೆರೆದ. ಏನೂ ಬರಲಿಲ್ಲ. ಈಗ ಒಂದು ಬಿಕ್ಕಳಿಕೆಯಾದರೂ ಬಂದಿದ್ದರೆ ಅದನ್ನೇ ಮುನ್ನುಡಿಯಾಗಿ ಒಪ್ಪಿಸುತ್ತಿದ್ದ, ಅದೂ ಕೈಕೊಟ್ಟಿತು. ಮುಂದಿನ ಸಾಲಿನ ಮುದುಕನೊಬ್ಬ ಏನನ್ನೋ ಗ್ರಹಿಸಿದವನಂತೆ ಟೋಪಿ ತೆಗೆದು ತಲೆ ಬಾಗಿಸಿದ. ಪಕ್ಕದವನೂ ಬಾಗಿಸಿದ. ಕ್ಷಣದಲ್ಲಿ ಮುನ್ನೂರು ತಲೆಗಳು ಬಾಗಿದವು. ಒಂದು ನಿಮಿಷ, ಮೂರು ನಿಮಿಷ, ಆರು ನಿಮಿಷ. ಬೋಳುತಲೆಗಳ ಮೇಲೆ ಹಿಮ ಗುಡ್ಡೆಯಾಯಿತು. ಮೊದಲು ತಲೆಯೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ನೆಸ್ಟರನ ಕಾಲುಗಳು ತಾವಾಗಿಯೇ ಅವನನ್ನು ಹಿಂದಕ್ಕೆ ಕರೆದೊಯ್ದವು.

ಥೋರಾ ಬಿಕ್ಕಿಬಿಕ್ಕಿ ಅಳುತ್ತಿದ್ದಳು. ಕರಡಿ ಮೂಗು ಒರೆಸಿಕೊಂಡಿತು. ಓರಿಸ್ಯಾ ಮಾತ್ರ ಗಂಡನನ್ನು ನೋಡಿ, ಕೆಳತುಟಿ ಕಚ್ಚಿ ನಗು ತಡೆದುಕೊಂಡಳು.

ಭವನದ ಊಟದಲ್ಲಿ ನೆಸ್ಟರ್ ಕಡುಬಿಗೆ ಕೈ ಹಾಕುವಷ್ಟರಲ್ಲಿ ಮೇಯರಮ್ಮ ಡೈರಿ ಬಿಚ್ಚಿಕೊಂಡು ಬಂದಳು.

“ಇಪ್ಪತ್ತು ವರ್ಷದಿಂದ ಕರ್ನಲ್‌ಗಳ ಭಾಷಣ ಕೇಳ್ತಾ ಇದೀನಿ ಬೊಯ್ಕೊ ಅವರೇ, ಇಷ್ಟು ಚೆನ್ನಾಗಿ ಯಾರೂ ಮಾತಾಡಿಲ್ಲ! ಸುತ್ತಲಿನ ಆರು ಊರಿಂದ ಆಗಲೇ ಕರೆ ಬಂದಿದೆ, ಎಲ್ಲಾದಕ್ಕೂ ನಿಮ್ಮ ಪರವಾಗಿ ಒಪ್ಪಿಕೊಂಡುಬಿಟ್ಟೆ. ಎಲ್ಲರದ್ದೂ ಒಂದೇ ಬೇಡಿಕೆ. ಇದೇ ಭಾಷಣ ಮಾಡಬೇಕಂತೆ, ಒಂದು ಮಾತೂ ಬದಲಾಯಿಸಬಾರದಂತೆ.”